ಕಲ್ಲು ಓದಿದ ಮಕ್ಕಳು ಏನೆನ್ನುತ್ತಾರೆ?

ಪ್ರೌಢಶಾಲೆಯ ಮಕ್ಕಳನ್ನು ಕರೆದು, ನಿಮಗೆ ಕಷ್ಟವೆನಿಸುವ ವಿಷಯ ಯಾವುದೆಂದು ಕೇಳಿದರೆ ಬಹುಮಂದಿ ಗಣಿತವನ್ನೋ ಇಂಗ್ಲಿಷನ್ನೋ ಹೆಸರಿಸುತ್ತಾರೆ. ಬೇಸರವೆನಿಸುವ ವಿಷಯ ಯಾವುದೆಂದು ಕೇಳಿದರೆ ಇತಿಹಾಸದ ಹೆಸರು ಮೊದಲು ಬರುತ್ತದೆ. ಕಷ್ಟಕ್ಕಿಂತ ಬೇಸರವೇ ಕೆಟ್ಟದ್ದು. ಕಷ್ಟವಾದುದನ್ನು ಮಗು ಹಟ ಹಿಡಿದು ಕಲಿತೀತು; ಬೇಸರವಾದುದನ್ನು ಪರೀಕ್ಷೆಯ ಮರುದಿನವೇ ಮರೆತುಬಿಡುತ್ತದೆ.

ಈ ಬೇಸರಕ್ಕೆ ಪರಿಹಾರವಾಗಿ ಮಕ್ಕಳನ್ನು ಪುಸ್ತಕದಿಂದ ಹೊರಗೆ ಕರೆದೊಯ್ಯಬೇಕೆಂಬ ಮಾತು ಬಹಳ ಕಾಲದಿಂದ ಕೇಳಿಬರುತ್ತಿದೆ. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಡನೆ ಜೋಡಿಸಬೇಕೆಂಬುದನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತನ್ನ ಮಾರ್ಗದರ್ಶಿ ತತ್ತ್ವಗಳಲ್ಲಿ ಒಂದೆಂದು ಹೇಳಿತು. ಪಂಡಿತರು ಹೇಳಿದರು, ಅಧಿಕಾರಿಗಳು ಹೇಳಿದರು, ಅಧ್ಯಾಪಕರೂ ಹೇಳಿದರು. ಆದರೆ ಹೊರಗೆ ಹೋಗಿ ಬಂದ ಮಕ್ಕಳಿಗೆ ಏನನ್ನಿಸಿತೆಂದು ಕೇಳಿದವರು ವಿರಳ. ಶಿಕಾರಿಪುರ, ಸೊರಬ ಸೀಮೆಯ ಕೆಲವು ಪ್ರೌಢಶಾಲೆಗಳ ಅಧ್ಯಾಪಕರು ಶಾಸನಗಳನ್ನು ಓದಿ ತಿಳಿಸಲೆಂದು ನಮ್ಮನ್ನು ಆಗಾಗ ಜೊತೆಗೆ ಕರೆದೊಯ್ಯುವುದುಂಟು. ಅಂಥ ಸಂದರ್ಭಗಳಲ್ಲಿ ಮಕ್ಕಳ ಕೈಗೆ ಒಂದೊಂದು ಬಿಳಿಯ ಹಾಳೆ ಕೊಟ್ಟು, ಹೆಸರು ಬರೆಯದೆ, ಮನಸ್ಸಿಗೆ ತೋರಿದುದನ್ನು ಬರೆಯಿರೆಂದು ಹೇಳುವ ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಹೆಸರಿಲ್ಲದ ಹಾಳೆಯಲ್ಲಿ ಮಕ್ಕಳು ಸತ್ಯವನ್ನೇ ಬರೆಯುತ್ತಾರೆ. ಆ ಹಾಳೆಗಳಲ್ಲಿದ್ದ ವಿಚಾರಗಳನ್ನು ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರವಾಸ ಬೇರೆ, ಕ್ಷೇತ್ರಕಾರ್ಯ ಬೇರೆ

ಮಕ್ಕಳೇ ಮಾಡಿದ ಮೊದಲ ವಿಂಗಡಣೆ ಇದು. ಮೂರು ದಿನಗಳಲ್ಲಿ ಏಳೆಂಟು ಊರು ಸುತ್ತುವ ಶಾಲಾ ಪ್ರವಾಸದ ಬಗ್ಗೆ ಬರೆಯುವಾಗ ಅವರು ಬಸ್ಸಿನಲ್ಲಿ ಹಾಡಿದ ಹಾಡು, ರಾತ್ರಿ ತಂಗಿದ ಛತ್ರ, ಕಳೆದುಹೋದ ಚಪ್ಪಲಿ ಇವುಗಳನ್ನು ತಪ್ಪದೆ ನೆನೆಯುತ್ತಾರೆ. ನೋಡಿದ ದೇವಾಲಯಗಳ ಹೆಸರುಗಳು ಒಂದರೊಡನೊಂದು ಕಲಸಿಹೋಗಿರುತ್ತವೆ. ಪ್ರವಾಸದಲ್ಲಿ ಸಂತೋಷವಿದೆ, ಗೆಳೆತನವಿದೆ. ಅದು ಬೇಡವೆಂದು ಯಾರೂ ಹೇಳಲಾರರು. ಆದರೆ ಅದನ್ನು ಇತಿಹಾಸದ ಕಲಿಕೆಯೆಂದು ಕರೆಯಲು ಮಕ್ಕಳೇ ಒಪ್ಪುವುದಿಲ್ಲ. ಎಲ್ಲವನ್ನೂ ನೋಡಿದೆವು, ಯಾವುದರ ಮುಂದೆಯೂ ನಿಲ್ಲಲಿಲ್ಲ ಎಂದು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬರೆದಿದ್ದ. ಪ್ರವಾಸದ ಲಕ್ಷಣವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಕ್ಷೇತ್ರಕಾರ್ಯಕ್ಕೆ ಒಂದು ಊರು ಸಾಕು, ಒಂದು ದಿನ ಸಾಕು. ಆದರೆ ಹೊರಡುವ ಮೊದಲು ಒಂದು ಪ್ರಶ್ನೆ ಕೈಯಲ್ಲಿರಬೇಕು. ಆ ಪ್ರಶ್ನೆಯ ಉತ್ತರ ಅಧ್ಯಾಪಕರ ಕಿಸೆಯಲ್ಲಿ ಸಿದ್ಧವಾಗಿ ಇರಕೂಡದು. ಮಕ್ಕಳು ತಾವೇ ಅಳೆಯಬೇಕು, ಎಣಿಸಬೇಕು, ಚಿತ್ರ ಬರೆಯಬೇಕು, ಊರಿನವರನ್ನು ಮಾತನಾಡಿಸಬೇಕು, ಮರಳಿ ಬಂದು ತಮ್ಮತಮ್ಮಲ್ಲಿ ವಾದ ಮಾಡಬೇಕು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಸಂಗತಿಗಳನ್ನು ಓದಬೇಕೆಂದು ಕೋರುತ್ತೇವೆ.

ಬಳ್ಳಿಗಾವಿಯ ಬಯಲಿನಲ್ಲಿ

ಅಲ್ಲಮಪ್ರಭುಗಳ ಹುಟ್ಟೂರೆಂದು ಪರಂಪರೆ ಹೇಳುವ ಬಳ್ಳಿಗಾವಿಯು ಶಿಕಾರಿಪುರ ತಾಲ್ಲೂಕಿನಲ್ಲಿದೆ. ಇಂದು ಅದೊಂದು ಹಳ್ಳಿ. ಚಾಲುಕ್ಯರ ಕಾಲಕ್ಕೆ ಬನವಾಸಿ ನಾಡಿನ ದೊಡ್ಡ ಪಟ್ಟಣ. ಮೂರು ಗರ್ಭಗೃಹಗಳ ಕೇದಾರೇಶ್ವರ ದೇವಾಲಯ, ಪಂಚತಂತ್ರದ ಕಥೆಗಳನ್ನು ಕಂಡರಿಸಿದ ತ್ರಿಪುರಾಂತಕೇಶ್ವರ ದೇವಾಲಯ, 1047ರಲ್ಲಿ ಚಾವುಂಡರಾಯರಸನು ನಿಲ್ಲಿಸಿದ ಗಂಡಭೇರುಂಡ ಸ್ತಂಭ, ಇವೆಲ್ಲ ನಡೆದು ನೋಡಬಹುದಾದಷ್ಟು ಹತ್ತಿರದಲ್ಲಿವೆ. ಶೈವ, ವೈಷ್ಣವ, ಜೈನ, ಬೌದ್ಧ ಎಂಬ ಎಲ್ಲ ಮತಗಳೂ ಇಲ್ಲಿ ನೆಲೆ ಪಡೆದಿದ್ದುವೆಂಬುದಕ್ಕೆ ಶಾಸನಗಳೇ ಸಾಕ್ಷಿ.

ಇಲ್ಲಿಗೆ ಬಂದ ಒಂದು ತಂಡಕ್ಕೆ ಅಧ್ಯಾಪಕರು ಕೊಟ್ಟಿದ್ದ ಪ್ರಶ್ನೆ ಬಹಳ ಸರಳವಾದುದು: ಈ ಊರಿನಲ್ಲಿ ಯಾರು ಯಾರಿಗೆ ಅನ್ನ ಹಾಕುತ್ತಿದ್ದರು? ರಾಜ ಯಾರು, ಯುದ್ಧ ಯಾವಾಗ ಎಂಬ ಪ್ರಶ್ನೆಗಳಿಗೆ ಒಗ್ಗಿಹೋಗಿದ್ದ ಮಕ್ಕಳು ಮೊದಲು ನಕ್ಕರು. ಬಳಿಕ ನಗು ನಿಂತಿತು. ಏಕೆಂದರೆ ಈ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರವಿದೆ.

ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠದ ವಿಚಾರವಾಗಿ 1162ರ ಶಾಸನವೊಂದಿದೆ. ಕಳಚುರಿ ಬಿಜ್ಜಳನ ಕಾಲದ್ದು. ಕಲ್ಯಾಣದಲ್ಲಿ ಬಸವಣ್ಣನವರು ಇದ್ದ ಕಾಲವೂ ಅದೇ. ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನ ನಡೆಯುತ್ತಿತ್ತೆಂದು ಶಾಸನ ವಿವರಿಸುತ್ತದೆ. ಅಷ್ಟಕ್ಕೆ ನಿಲ್ಲದೆ, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ಕಥೆ ಹೇಳುವವರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೆ, ಜೈನ ಕ್ಷಪಣಕರೇ ಮೊದಲಾದ ಪರಮತದ ಸಾಧುಗಳಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದು ಹೇಳುತ್ತದೆ. ದಿಕ್ಕಿಲ್ಲದ ರೋಗಿಗಳಿಗೆ ಔಷಧೋಪಚಾರ ನಡೆಯುವ ಸ್ಥಾನವೆಂದೂ, ಸಕಲ ಜೀವಿಗಳಿಗೆ ಅಭಯ ದೊರೆಯುವ ಸ್ಥಾನವೆಂದೂ ಬಣ್ಣಿಸುತ್ತದೆ.

ಈ ಪಟ್ಟಿಯನ್ನು ನಾವು ಸಾಲುಸಾಲಾಗಿ ಬಿಡಿಸಿ ಹೇಳಿದಾಗ ಮಕ್ಕಳು ಬೆರಳು ಮಡಿಸಿ ಎಣಿಸತೊಡಗಿದರು. ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಹಾಳೆಯಲ್ಲಿ, ಪಾಠದಲ್ಲಿ ಕಳಚುರಿಗಳೆಂದರೆ ನಾಲ್ಕು ಸಾಲು, ಅದರಲ್ಲಿ ಕುರುಡರು ಬರುವುದೇ ಇಲ್ಲ. ಕುರುಡರೂ ಇತಿಹಾಸದಲ್ಲಿ ಇದ್ದಾರೆಂದು ಇವತ್ತು ತಿಳಿಯಿತು ಎಂಬರ್ಥದ ಮಾತನ್ನು ಬರೆದಿದ್ದಳು. ಅವಳ ಅಜ್ಜನಿಗೆ ಕಣ್ಣು ಕಾಣದೆಂಬುದು ಆಮೇಲೆ ಮಾತಿನಲ್ಲಿ ತಿಳಿದುಬಂತು.

ಬಹುಪಾಲು ಮಕ್ಕಳು ಮೆಚ್ಚಿ ಬರೆದುದು ಇದನ್ನೇ. ಪುಸ್ತಕದಲ್ಲಿ ಅರಸರು ತುಂಬಿಕೊಂಡಿದ್ದಾರೆ. ಕಲ್ಲುಗಳಲ್ಲಿ ದೇವರ ದೀಪಕ್ಕೆ ಎಣ್ಣೆ ಬಿಟ್ಟ ತೆಲ್ಲಿಗರು, ಎಲೆ ಮಾರುವವರು, ಕುಂಬಾರರು, ಅಕ್ಕಸಾಲಿಗರು, ಶಾಸನವನ್ನು ಕಂಡರಿಸಿದ ರೂವಾರಿ ಇವರೆಲ್ಲ ಕಾಣಿಸುತ್ತಾರೆ. ತಮ್ಮ ಮನೆತನದ ಕಾಯಕವು ಕಲ್ಲಿನ ಮೇಲೆ ಇರುವುದನ್ನು ಕಂಡ ಮಗುವಿಗೆ ಇತಿಹಾಸ ಬೇರೆಯವರ ಸ್ವತ್ತೆಂದು ಅನಿಸುವುದಿಲ್ಲ.

ಹಿಂದಿನ ಬೆಂಚಿನಿಂದ ಮುಂದಕ್ಕೆ

ಎರಡನೆಯ ಸಂಗತಿ ಅಧ್ಯಾಪಕರನ್ನೂ ಅಚ್ಚರಿಗೊಳಿಸಿತು. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಬಯಲಿನಲ್ಲಿ ಮುಂದಾಳುಗಳಾದರು. ಕಲ್ಲುಕುಟಿಗರ ಮನೆಯ ಹುಡುಗನೊಬ್ಬ ದೇವಾಲಯದ ಕಂಬವನ್ನು ಮುಟ್ಟಿ ನೋಡಿ, ಇದು ಬಳಪದ ಕಲ್ಲು, ಉಳಿಗೆ ಬೇಗ ಮಣಿಯುತ್ತದೆ, ಆದ್ದರಿಂದಲೇ ಇಷ್ಟು ನಯವಾದ ಕೆತ್ತನೆ ಸಾಧ್ಯವಾಯಿತೆಂದು ಗೆಳೆಯರಿಗೆ ವಿವರಿಸಿದ. ಹೊರಗಿನ ವೀರಗಲ್ಲಿಗೆ ಬಳಸಿದ ಕಲ್ಲು ಬೇರೆಯೆಂಬುದನ್ನೂ ಅವನೇ ತೋರಿಸಿಕೊಟ್ಟ. ಕೃಷಿಕರ ಮನೆಯ ಹುಡುಗಿಯೊಬ್ಬಳು ಶಾಸನದಲ್ಲಿ ಬರುವ ಮತ್ತರು, ಕಮ್ಮ ಎಂಬ ಭೂಮಿಯ ಅಳತೆಗಳ ವಿಚಾರ ಬಂದಾಗ, ತನ್ನ ಅಜ್ಜ ಗದ್ದೆಯನ್ನು ಬೀಜದ ಲೆಕ್ಕದಲ್ಲಿ ಹೇಳುವ ರೂಢಿಯನ್ನು ನೆನೆದು, ಆಗಿನವರು ಹೇಗೆ ಅಳೆದರೆಂದು ಕೇಳಿದಳು. ಗಳೆ ಎಂಬ ಅಳತೆಗೋಲಿನಿಂದ ಅಳೆಯುತ್ತಿದ್ದರು. ಭೇರುಂಡಗಳೆ ಎಂಬ ಹೆಸರೇ ಈ ಭಾಗದ ಶಾಸನಗಳಲ್ಲಿ ಬರುತ್ತದೆ ಎಂದಾಗ ಅವಳ ಕಣ್ಣು ತಾನಾಗಿ ಗಂಡಭೇರುಂಡದ ಕಂಬದ ಕಡೆಗೆ ಹೊರಳಿತು.

ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆಂಬ ಸಣ್ಣ ಲೆಕ್ಕವನ್ನು ಹೇಳಿಕೊಟ್ಟ ಮೇಲೆ ಮಕ್ಕಳು ಕಂಡ ಕಂಡ ಶಾಸನದ ಕಾಲವನ್ನು ತಾವೇ ಕಂಡುಹಿಡಿಯತೊಡಗಿದರು. ಶಾಸನದ ನೆತ್ತಿಯ ಮೇಲಿನ ಸೂರ್ಯಚಂದ್ರರು ದಾನವು ಅವರಿರುವವರೆಗೆ ನಡೆಯಲೆಂಬ ಆಶಯದ ಗುರುತು. ಲಿಂಗವಿದ್ದರೆ ಶೈವ ದಾನ, ಕುಳಿತ ಜಿನನಿದ್ದರೆ ಜೈನ ದಾನ. ಇಷ್ಟು ತಿಳಿದರೆ ಅಕ್ಷರ ಓದಲು ಬಾರದ ಮಗುವೂ ಅರ್ಧ ಶಾಸನವನ್ನು ಓದಿದಂತೆಯೇ. ತಾರೀಖನ್ನು ಬಾಯಿಪಾಠ ಮಾಡುವುದಕ್ಕೂ ಹುಡುಕಿ ಪಡೆಯುವುದಕ್ಕೂ ಇರುವ ವ್ಯತ್ಯಾಸವನ್ನು ಅನೇಕ ಹಾಳೆಗಳು ಹೇಳುತ್ತವೆ. ನಾವು ಮಠದ ಪಾಠಶಾಲೆಯಲ್ಲಿ ಓದಿದವರು. ಬಾಯಿಪಾಠದ ಬೆಲೆಯನ್ನು ಬಲ್ಲವರು. ಕಂಠಸ್ಥವಾದುದು ಕಡೆಯವರೆಗೆ ಕೈಹಿಡಿಯುತ್ತದೆ. ಆದರೆ ಸೂತ್ರವನ್ನೂ ಶ್ಲೋಕವನ್ನೂ ಕಂಠಪಾಠ ಮಾಡಿಸಿದ ಗುರುಗಳು ಬಳಿಕ ಅರ್ಥ ಕೇಳುತ್ತಿದ್ದರು, ಆಕ್ಷೇಪ ಎತ್ತಲು ಬಿಡುತ್ತಿದ್ದರು. ಇಂದಿನ ಇತಿಹಾಸದ ಪಾಠದಲ್ಲಿ ಕಂಠಪಾಠ ಉಳಿದಿದೆ, ಆಕ್ಷೇಪ ಹೋಗಿದೆ.

ತಾಳಗುಂದದ ಒಂದು ಪ್ರಶ್ನೆ

ಬಳ್ಳಿಗಾವಿಗೆ ಸಮೀಪದಲ್ಲೇ ತಾಳಗುಂದವಿದೆ. ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಮೇಲೆ ಕದಂಬ ಶಾಂತಿವರ್ಮನ ಕಾಲದ ಸಂಸ್ಕೃತ ಶಾಸನವಿದೆ. ಕವಿಯ ಹೆಸರು ಕುಬ್ಜ. ಸಾಲುಗಳು ಕಂಬದ ಉದ್ದಕ್ಕೆ ಕೆಳಗಿನಿಂದ ಮೇಲಕ್ಕೆ ಸಾಗುವುದರಿಂದ ಮಕ್ಕಳೆಲ್ಲ ಕತ್ತು ಓರೆ ಮಾಡಿ ನೋಡಬೇಕಾಯಿತು. ಆ ಶಾಸನದ ಮುಖ್ಯ ಉದ್ದೇಶ ಕಾಕುಸ್ಥವರ್ಮನು ಕೆರೆ ಕಟ್ಟಿಸಿದುದನ್ನು ತಿಳಿಸುವುದು. ಆದರೆ ಮಕ್ಕಳ ಮನಸ್ಸನ್ನು ಸೆಳೆದುದು ಅದರೊಳಗಿನ ಮಯೂರಶರ್ಮನ ವೃತ್ತಾಂತ. ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಓದಲು ಹೋದ ವಿದ್ಯಾರ್ಥಿ. ಅಲ್ಲಿ ಪಲ್ಲವರ ಕುದುರೆಯಾಳಿನಿಂದ ಉಂಟಾದ ಕಲಹ. ದರ್ಭೆ ಹಿಡಿಯುವ ಕೈ ಖಡ್ಗ ಹಿಡಿದ ಪರಿ. ಓದಲು ಹೋದ ಹುಡುಗನೊಬ್ಬನ ಅವಮಾನದಿಂದ ಒಂದು ರಾಜ್ಯ ಹುಟ್ಟಿತೆಂಬ ಸಂಗತಿ ಓದುವ ಹುಡುಗರಿಗೆ ತಟ್ಟದೆ ಇದ್ದೀತೇ?

ಇಲ್ಲಿಯೇ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ಎಲ್ಲರನ್ನೂ ಕೊಂಚ ಹೊತ್ತು ಸುಮ್ಮನಾಗಿಸಿತು. ಕನ್ನಡದ ಮೊದಲ ಶಾಸನ ಬೇಲೂರು ತಾಲ್ಲೂಕಿನ ಹಲ್ಮಿಡಿಯದು, ಕಾಲ ಸುಮಾರು ಕ್ರಿ.ಶ. 450 ಎಂದು ಅವನು ಓದಿದ್ದ. ಆದರೆ 2013ರಲ್ಲಿ ಇದೇ ತಾಳಗುಂದದ ಉತ್ಖನನದಲ್ಲಿ ಸಿಂಹಕಟಾಂಜನದ ಮೇಲೆ ಸಿಕ್ಕ ಬರೆಹವು ಕ್ರಿ.ಶ. 370ರದು, ಅದರಲ್ಲಿ ಕನ್ನಡ ಪದಗಳಿವೆ ಎಂದು ವಿದ್ವಾಂಸರು ಹೇಳಿರುವ ಸುದ್ದಿಯನ್ನೂ ಕೇಳಿದ್ದ. ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ ಎಂಬುದು ಅವನ ಪ್ರಶ್ನೆ. ಅಧ್ಯಾಪಕರು ಪ್ರಾಮಾಣಿಕವಾಗಿಯೇ ಉತ್ತರಿಸಿದರು: ಅಂಕ ಬೇಕಾದರೆ ಪುಸ್ತಕದಲ್ಲಿರುವುದನ್ನು ಬರೆ, ಇತಿಹಾಸ ಬೇಕಾದರೆ ಎರಡನ್ನೂ ನೆನಪಿಡು, ವಿದ್ವಾಂಸರ ಚರ್ಚೆಯನ್ನು ಗಮನಿಸುತ್ತಿರು.

ಈ ಉತ್ತರದ ಬಗ್ಗೆ ಮಕ್ಕಳಲ್ಲಿ ಎರಡು ಪಕ್ಷಗಳಾದುವು. ಪುಸ್ತಕದಲ್ಲಿರುವುದೂ ಮುಂದೆ ಬದಲಾಗಬಹುದೆಂದು ತಿಳಿದು ಖುಷಿಯಾಯಿತೆಂದರು ಕೆಲವರು. ಹಾಗಾದರೆ ನಾವು ಓದುತ್ತಿರುವುದರಲ್ಲಿ ನಿಜ ಎಷ್ಟು ಎಂದು ಗಾಬರಿಯಾಯಿತೆಂದರು ಇನ್ನು ಕೆಲವರು. ಎರಡೂ ಭಾವನೆಗಳು ಸಹಜವಾದುವು. ಮಣ್ಣಿನಡಿಯಲ್ಲಿ ಇನ್ನೂ ಸಾಕ್ಷ್ಯ ಇರಬಹುದೆಂಬ ಅರಿವು ಮಗುವಿಗೆ ಬಂದ ದಿನವೇ ಅದರ ಇತಿಹಾಸದ ಅಭ್ಯಾಸ ಆರಂಭವಾಯಿತೆಂದು ತಿಳಿಯಬೇಕು.

ಮಕ್ಕಳು ಮೆಚ್ಚದ ಸಂಗತಿಗಳು

ಹಾಳೆಗಳೆಲ್ಲ ಹೊಗಳಿಕೆಯಿಂದ ತುಂಬಿದ್ದುವೆಂದು ಯಾರೂ ಭಾವಿಸಬಾರದು. ಚೆನ್ನಾಗಿ ಅಂಕ ತೆಗೆಯುವ ಕೆಲವರು ನೇರವಾಗಿಯೇ ಬರೆದಿದ್ದರು: ಸಮಾಜ ವಿಜ್ಞಾನದ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ, ಇಡೀ ದಿನ ಬಿಸಿಲಿನಲ್ಲಿ ನಿಂತರೆ ಆ 80ರಲ್ಲಿ ಒಂದಾದರೂ ಹೆಚ್ಚುವುದೇ? ಈ ಮಕ್ಕಳನ್ನು ಸ್ವಾರ್ಥಿಗಳೆನ್ನಲು ನಾವು ಸಿದ್ಧರಿಲ್ಲ. ಅಂಕವೇ ಎಲ್ಲವೆಂದು ಅವರಿಗೆ ಕಲಿಸಿದವರು ದೊಡ್ಡವರು. ಬಯಲಿನಲ್ಲಿ ಮಾಡಿದ ಕೆಲಸಕ್ಕೆ ಪರೀಕ್ಷೆಯಲ್ಲಿ ಸ್ಥಾನವಿಲ್ಲದಿರುವಾಗ ಜಾಣ ಮಗು ಲೆಕ್ಕ ಹಾಕದೆ ಇರಲಾರದು.

ಎರಡನೆಯ ದೂರು ಹುಡುಗಿಯರದು. ಸ್ಮಾರಕಗಳ ಬಳಿ ಶೌಚಾಲಯವಿಲ್ಲ, ಇದ್ದರೂ ಬೀಗ. ಆ ಕಾರಣಕ್ಕೆ ದಿನವಿಡೀ ನೀರು ಕುಡಿಯದೆ ಇರುತ್ತೇವೆ ಎಂದು ಒಬ್ಬಳಲ್ಲ, ಹಲವರು ಬರೆದಿದ್ದರು. ಅಣ್ಣನನ್ನು ಕಳುಹಿಸಿ ತಂಗಿಯನ್ನು ಮನೆಯಲ್ಲಿ ನಿಲ್ಲಿಸಿಕೊಂಡ ತಾಯಿತಂದೆಯರ ವಿಚಾರವೂ ಅದರಲ್ಲಿತ್ತು. ಅಂಥ ಪಾಲಕರ ಭಯವನ್ನು ತಳ್ಳಿಹಾಕುವಂತಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡುದನ್ನು ನೆನೆದರೆ ಯಾವ ತಾಯಿಯ ಕರುಳು ನಡುಗುವುದಿಲ್ಲ? ಆದರೆ ಆ ಭಯಕ್ಕೆ ಪರಿಹಾರವೂ ಕ್ಷೇತ್ರಕಾರ್ಯದಲ್ಲೇ ಇದೆ. ಸ್ವಂತ ಊರಿನ ಗುಡಿ, ಪಕ್ಕದ ಊರಿನ ವೀರಗಲ್ಲು, ಹಳೆಯ ಕೆರೆಯ ಏರಿ ಇವುಗಳನ್ನು ನೋಡಲು ದೂರದ ಬಸ್ಸು ಬೇಡ, ರಾತ್ರಿಯ ತಂಗುದಾಣ ಬೇಡ. ಸಂಜೆಯೊಳಗೆ ಮಗು ಮನೆಯಲ್ಲಿರುತ್ತದೆ. ಕೆರೆಯ ಬಳಿ ಮಾತ್ರ ಹಿರಿಯರ ಕಣ್ಣು ಎಚ್ಚರವಾಗಿರಬೇಕು.

ಮೂರನೆಯ ದೂರು ನಮ್ಮಂಥವರ ಮೇಲೆಯೇ. ದೊಡ್ಡವರು ಬಹಳ ಮಾತನಾಡುತ್ತಾರೆ, ನಮಗೆ ನೋಡಲು ಬಿಡುವುದಿಲ್ಲ. ತರಗತಿಯ ಪಾಠವನ್ನೇ ಬಿಸಿಲಿನಲ್ಲಿ ಹೇಳಿದಂತಾಯಿತು ಎಂದು ಒಬ್ಬ ಬರೆದಿದ್ದ. ಮರಳಿ ಬಂದ ಮೇಲೆ ಎಲ್ಲರೂ ಒಂದೇ ವರದಿಯನ್ನು ಹಲಗೆಯ ಮೇಲಿಂದ ನಕಲು ಮಾಡಿದುದನ್ನು ಇನ್ನೊಬ್ಬಳು ಹೆಸರಿಸಿದ್ದಳು. ಕಲ್ಲನ್ನು ನೋಡುವುದಕ್ಕಿಂತ ಕಲ್ಲಿನ ಮುಂದೆ ನಿಂತು ಮೊಬೈಲಿನಲ್ಲಿ ತಮ್ಮ ಚಿತ್ರ ತೆಗೆದುಕೊಳ್ಳುವುದರಲ್ಲೇ ಕೆಲವರ ಹೊತ್ತು ಹೋಯಿತೆಂಬ ಟೀಕೆ ಸಹಪಾಠಿಗಳಿಂದಲೇ ಬಂದಿತ್ತು.

ಉತ್ತರ ಬಂದಾಗ ಬಾಯಿ ಮುಚ್ಚಿಸುವುದೇಕೆ?

ಇನ್ನು ಹೇಳಬೇಕಾದುದು ಎಲ್ಲಕ್ಕಿಂತ ಮುಖ್ಯವಾದ, ಸ್ವಲ್ಪ ಸೂಕ್ಷ್ಮವಾದ ವಿಚಾರ.

ಈ ಸೀಮೆಯಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಸನ್ನಿಧಿ. ಇದು ಅವುಗಳ ಸಾಮಾನ್ಯ ವಿನ್ಯಾಸ. ತುರುಗಳನ್ನು ಹಿಡಿದೊಯ್ದವರೊಡನೆ ಕಾದಿ ಸತ್ತವನಿದ್ದಾನೆ, ಹೆಂಗಸರ ಮಾನ ಕಾಯಲು ಹೋರಾಡಿದವನಿದ್ದಾನೆ, ಊರ ಮೇಲೆ ಬಿದ್ದ ದಂಡನ್ನು ತಡೆದವನಿದ್ದಾನೆ. ಹಳ್ಳಿಯೊಂದರಲ್ಲಿ ಅಂಥ ಕಲ್ಲೊಂದು ಅರಿಸಿನ ಕುಂಕುಮ ಎಣ್ಣೆಗಳಿಂದ ಮುಚ್ಚಿಹೋಗಿ, ಅಮ್ಮನವರೆಂದು ಪೂಜೆಗೊಳ್ಳುತ್ತಿತ್ತು. ಪಾಠ ಕಲಿತು ಬಂದಿದ್ದ ಹುಡುಗನೊಬ್ಬ ಕೂಡಲೇ ಗುರುತಿಸಿ, ಅಜ್ಜಿ, ಇದು ಅಮ್ಮನವರಲ್ಲ, ವೀರಗಲ್ಲು ಎಂದುಬಿಟ್ಟ. ದೀಪ ಹಚ್ಚುತ್ತಿದ್ದ ಅಜ್ಜಿಯ ಮುಖ ಬಾಡಿತು. ಜೊತೆಗಿದ್ದ ಹಿರಿಯರೊಬ್ಬರು ಹುಡುಗನನ್ನು ಗದರಿಸಿದರು.

ಅಂದಿನ ಹಾಳೆಗಳಲ್ಲಿ ಎಲ್ಲರೂ ಈ ಪ್ರಸಂಗವನ್ನೇ ಬರೆದರು. ನಿಜ ಹೇಳಿದ್ದಕ್ಕೆ ಬೈಗುಳವೇ ಎಂದರು ಕೆಲವರು. ನಿಜವಾದರೂ ಹೇಳುವ ರೀತಿ ಅದಲ್ಲ, ಅಜ್ಜಿಗೆ ನೋವಾಯಿತು ಎಂದರು ಹಲವರು. ಒಬ್ಬ ವಿದ್ಯಾರ್ಥಿನಿಯ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. ಆ ಕಲ್ಲಿಗೆ ಎರಡು ಇತಿಹಾಸ ಇದೆ, ಒಂದು ವೀರ ಸತ್ತದ್ದು, ಇನ್ನೊಂದು ಅವನನ್ನು ಊರು ಅಮ್ಮನಾಗಿ ಮಾಡಿಕೊಂಡದ್ದು; ಎರಡನೆಯದನ್ನು ಅಜ್ಜಿಯನ್ನೇ ಕೇಳಬೇಕಿತ್ತು ಎಂಬುದು ಅವಳ ಅಭಿಪ್ರಾಯ. ಮರುವಾರ ಅವಳೂ ಆ ಹುಡುಗನೂ ಹೋಗಿ ಅಜ್ಜಿಯನ್ನು ಮಾತನಾಡಿಸಿಕೊಂಡು ಬಂದರು. ಅಜ್ಜಿ ತನ್ನ ಅತ್ತೆಯಿಂದ ಕೇಳಿದ ಕಥೆಯನ್ನು ಹೇಳಿದಳಂತೆ. ಊರು ಕಾಯುತ್ತಾ ಸತ್ತವರು ಯಾರೋ ಅಲ್ಲಿ ಇದ್ದಾರೆಂಬುದೇ ಆ ಕಥೆಯ ತಿರುಳು. ಪೂಜೆಯ ಕೆಳಗೆ ನೆನಪು ಬದುಕಿಯೇ ಇತ್ತು!

ಇನ್ನೊಂದು ಕಡೆ ಮಾಸ್ತಿಕಲ್ಲಿನ ಮುಂದೆ, ಮಡಿಸಿ ಎತ್ತಿದ ತೋಳು, ತೋಳಿನಲ್ಲಿ ಬಳೆ ಇರುವುದನ್ನು ನೋಡಿದ ಹುಡುಗಿಯರು ಬಹಳ ಹೊತ್ತು ಮಾತನಾಡಲಿಲ್ಲ. ಜೊತೆಗಿದ್ದವರು ಆ ಪತಿವ್ರತೆಯ ಮಹಿಮೆಯನ್ನು ವರ್ಣಿಸುತ್ತಿದ್ದರು. ಹಾಳೆಯಲ್ಲಿ ಒಬ್ಬಳು ಬರೆದಿದ್ದುದು, ಅವಳಿಗೆ ಎಷ್ಟು ವಯಸ್ಸಾಗಿತ್ತೆಂದು ಕಲ್ಲು ಏಕೆ ಹೇಳುವುದಿಲ್ಲ ಎಂಬ ಪ್ರಶ್ನೆಯನ್ನು. ಈ ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ಕರೆಯುವ ಹಕ್ಕು ನಮಗಿಲ್ಲ. ಇತಿಹಾಸವನ್ನು ಓದುವವರು ಕಲ್ಲು ಹೇಳುವುದನ್ನೂ ಕೇಳಬೇಕು, ಹೇಳದೆ ಬಿಟ್ಟುದನ್ನೂ ಕೇಳಬೇಕು.

ಕೋಡಿಯ ಮಠದ ವಿಚಾರದಲ್ಲಿಯೂ ಅಂಥದೇ ಪ್ರಶ್ನೆ ಬಂದಿತು. ನಮ್ಮ ಸಮಾಜದ ಮನೆಯ ಹುಡುಗನೊಬ್ಬ ಹೆಮ್ಮೆಯಿಂದ, ಶಾಸ್ತ್ರಿಗಳೇ, ಇದು ನಮ್ಮ ಮಠವಲ್ಲವೇ ಎಂದು ಕೇಳಿದ. ಹೌದೆಂದುಬಿಟ್ಟರೆ ಅವನಿಗೆ ಸಂತೋಷವಾಗುತ್ತಿತ್ತು. ಆದರೆ ಶಾಸನಗಳು ಆ ಮಠದ ಗುರುಗಳನ್ನು ಕಾಳಾಮುಖ ಶೈವ ಪರಂಪರೆಗೆ ಸೇರಿದವರೆಂದು ತಿಳಿಸುತ್ತವೆ. ಹಾಗೆಯೇ ಹೇಳಿದೆವು. ಕಾಳಾಮುಖರಿಗೂ ನಂತರದ ವೀರಶೈವ ಮಠಗಳಿಗೂ ಇದ್ದ ಸಂಬಂಧವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆಯೆಂಬುದನ್ನೂ ಸೇರಿಸಿದೆವು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ಅನ್ನ ಹಾಕಿದ್ದಂತೂ ನಿಜವಲ್ಲವೇ ಎಂದ. ಅದು ನಿಜ. ಒಳ್ಳೆಯದನ್ನು ಮೆಚ್ಚಲು ಅದು ನಮ್ಮದೇ ಆಗಿರಬೇಕೆಂಬ ನಿಯಮವಿಲ್ಲವೆಂಬ ಪಾಠವನ್ನು ಆ ಹುಡುಗ ತಾನೇ ಕಂಡುಕೊಂಡ.

ಹಿರಿಯರ ಹೆಜ್ಜೆ

ಈ ಮಾರ್ಗ ಹೊಸದೇನೂ ಅಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಶಾಲೆಗಳ ತನಿಖೆಗೆಂದು ಕುದುರೆಯ ಮೇಲೆ ಹಳ್ಳಿಗಳಲ್ಲಿ ಸಂಚರಿಸುವಾಗ ಶಾಸನಗಳ ನಂಟು ಬೆಳೆಸಿಕೊಂಡರು. ಸಾವಿರಾರು ಶಾಸನಗಳು ಅವರ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಸೇರಿದುವು. ಶಿಕಾರಿಪುರ ತಾಲ್ಲೂಕಿನ ಶಾಸನಗಳು 1902ರ ಏಳನೆಯ ಸಂಪುಟದಲ್ಲಿ ಬಂದುವು. ವಿಜಯಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳ ಜಗುಲಿಯಲ್ಲಿ, ಅಟ್ಟದಲ್ಲಿ ಇದ್ದ ತಾಳೆಯೋಲೆಗಳನ್ನು ಅರಸಿ ಸಂಗ್ರಹಿಸದಿದ್ದರೆ 1923ರಲ್ಲಿ ವಚನಶಾಸ್ತ್ರಸಾರ ಬೆಳಕು ಕಾಣುತ್ತಿರಲಿಲ್ಲ. ಬಸವಣ್ಣನವರ ಹೆಸರು ಬರುವ 1260ರ ಶಾಸನ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿದೆ. ಯಾರೋ ಒಬ್ಬರು ಹೋಗಿ ಆ ಕಲ್ಲಿನ ಮುಂದೆ ನಿಂತು ಓದಿದ್ದರಿಂದಲೇ ಕಾವ್ಯ ಪುರಾಣಗಳು ಹೇಳಿದ ಮಾತಿಗೆ ಕಲ್ಲಿನ ಆಧಾರ ದೊರೆಯಿತು. ಓಲೆಯನ್ನು ಪೂಜೆ ಮಾಡಿ ಬಟ್ಟೆಯಲ್ಲಿ ಕಟ್ಟಿಟ್ಟವರು ಅದನ್ನು ಉಳಿಸಿದರು. ಬಿಚ್ಚಿ ಓದಿದವರು ಅದನ್ನು ಬದುಕಿಸಿದರು. ಎರಡೂ ಕೆಲಸಗಳು ಬೇಕು.

ಪಾಲಕರಿಗೆ ಕೆಲವು ಮಾತು

ಮಕ್ಕಳ ಹಾಳೆಗಳ ಸಾರವನ್ನು ಎರಡು ಮಾತಿನಲ್ಲಿ ಹೇಳಬಹುದು: ನಮಗೆ ಪ್ರಶ್ನೆ ಕೊಡಿರಿ, ಉತ್ತರ ನಾವು ಹುಡುಕುತ್ತೇವೆ, ಹುಡುಕಿ ತಂದ ಉತ್ತರ ನಿಮಗೆ ಒಪ್ಪಿಗೆಯಾಗದಿದ್ದರೂ ಕೇಳಿಸಿಕೊಳ್ಳಿರಿ. ಮೊದಲನೆಯದು ಶಾಲೆಯ ಕೆಲಸ; ಎರಡನೆಯದು ಮನೆಯ ಕೆಲಸ. ಶಾಲೆ ಎಷ್ಟೇ ಶ್ರಮಿಸಿದರೂ ಸಂಜೆ ಮನೆಗೆ ಬಂದ ಮಗುವಿನ ಪ್ರಶ್ನೆಗೆ ಹಿರಿಯರು ಕಣ್ಣು ಕೆಂಪಾಗಿಸಿದರೆ ಅಂದಿನ ಕ್ಷೇತ್ರಕಾರ್ಯವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ.

ಪಾಲಕರು ಮಾಡಬಹುದಾದ ಸಣ್ಣ ಕೆಲಸಗಳು ಅನೇಕವಿವೆ. ಮಗಳನ್ನೂ ಮಗನಂತೆಯೇ ಕಳುಹಿಸಿರಿ. ಹೋಗುವ ಕಡೆ ಶೌಚಾಲಯವಿದೆಯೇ, ಜೊತೆಗೆ ಅಧ್ಯಾಪಕಿಯರು ಇದ್ದಾರೆಯೇ ಎಂದು ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿರಿ. ಕೇಳುವುದು ನಿಮ್ಮ ಹಕ್ಕು. ರಜೆಯಲ್ಲಿ ನೆಂಟರ ಊರಿಗೆ ಹೋದಾಗ ಅಲ್ಲಿಯ ಗುಡಿಯ ಮುಂದಿನ ಕಲ್ಲನ್ನು ಮಕ್ಕಳೊಡನೆ ನಿಂತು ನೋಡಿರಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಸವೆದ ಅಕ್ಷರಗಳೂ ಎದ್ದು ಕಾಣುತ್ತವೆ. ಕತ್ತಲೆಯ ಮೂಲೆಯಾದರೆ ಪಕ್ಕದಿಂದ ಬ್ಯಾಟರಿ ಬಿಟ್ಟರೆ ಸಾಕು. ಎಣ್ಣೆ, ಸುಣ್ಣ, ಬಣ್ಣ ಹಚ್ಚಿ ಅಕ್ಷರ ಮೂಡಿಸಲು ಹೋಗುವುದು ಬೇಡ, ಅದರಿಂದ ಕಲ್ಲು ಕೆಡುತ್ತದೆ. ಊರಿನ ಕಲ್ಲನ್ನು ಒಗೆಯುವ ಹಾಸುಗಲ್ಲನ್ನಾಗಿಯೋ ಮೋರಿಯ ಚಪ್ಪಡಿಯನ್ನಾಗಿಯೋ ಬಳಸಿರುವುದು ಕಂಡರೆ ಊರಿನ ಹಿರಿಯರಿಗೆ ತಿಳಿಸಿ, ಎತ್ತಿ ನಿಲ್ಲಿಸುವಂತೆ ಮಾಡಿರಿ. ಅಜ್ಜ ಅಜ್ಜಿಯರು ಬಲ್ಲ ಕಥೆಗಳನ್ನು ಮಕ್ಕಳಿಂದಲೇ ಬರೆಸಿಡಿರಿ. ಶಾಸನಕ್ಕಿಂತ ಮೊದಲು ಅಳಿಯುವುದು ಆ ಕಥೆಗಳು.

ಮನೆಯ ಅಟ್ಟದಲ್ಲಿ ಹಳೆಯ ಓಲೆಯೋ ಕಡತವೋ ಇದ್ದರೆ ಅದನ್ನು ಬಿಚ್ಚುವ ಕೆಲಸದಲ್ಲಿ ಒಂದು ಕೈ ಹತ್ತನೆಯ ತರಗತಿಯ ಮಗುವಿನದಾಗಿರಲಿ. ಅದರಲ್ಲಿ ನಮ್ಮ ಮನೆತನದ ಹಿರಿಮೆ ಇದ್ದೀತು, ಸಾಲದ ಲೆಕ್ಕವೂ ಇದ್ದೀತು, ನಾವು ನಿರೀಕ್ಷಿಸದ ಸಂಗತಿಯೂ ಇದ್ದೀತು. ಏನಿದ್ದರೂ ಮಗು ಓದಲಿ. ಓದಿ ಕೇಳಿದ ಪ್ರಶ್ನೆಗೆ ನಾವು ತಾಳ್ಮೆಯಿಂದ ಉತ್ತರಿಸೋಣ. ಉತ್ತರ ನಮಗೆ ತಿಳಿಯದಿದ್ದಾಗ ಮಗುವನ್ನು ಕರೆದುಕೊಂಡು ಆ ಕಲ್ಲಿನ ಬಳಿಗೆ, ಆ ಅಜ್ಜಿಯ ಬಳಿಗೆ ಹೋಗಿ ಕೇಳೋಣ.